ಮೇಜಿನ ಈಚೆ, ಮೇಜಿನ ಆಚೆ: ಇತ್ತೀಚೆಗೆ ನೋಡಿದ ಐದು ಚಿತ್ರಗಳು

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ತಿಂಗಳ ಕೂಟಕ್ಕೆ ಊರಿನಿಂದ ಬರಬೇಕಾಗಿದ್ದ ಉಪನ್ಯಾಸಕರು ಕಾರಣಾಂತರದಿಂದ ಬರಲಾಗಲಿಲ್ಲ. ಹೀಗಾದಾಗಲೆಲ್ಲ ಹೊರನಾಡಿನ ಸಂಘಗಳಲ್ಲಿ ನಡೆಯುವುದೇ ಇಲ್ಲಿಯೂ ನಡೆಯಿತು. ಹತ್ತಿರದಲ್ಲಿ ಯಾರು ಬಿಡುವಾಗಿದ್ದಾರೆಂದು ಹುಡುಕಿದ ಕಾರ್ಯದರ್ಶಿಗಳ ಕಣ್ಣು ನನ್ನ ಮೇಲೆ ಬಿತ್ತು. ಮಳೆಗಾಲದಲ್ಲಿ ಕಾಲಿನ ಮೂಳೆ ಮುರಿದುಕೊಂಡು ನಾನು ಆರು ವಾರ ಮನೆಯಲ್ಲಿದ್ದುದು ಅವರಿಗೆ ತಿಳಿದಿತ್ತು. "ಆರು ವಾರ ಏನು ಮಾಡಿದಿರಿ?" ಎಂದು ಕೇಳಿದರು. "ಸಿನಿಮಾ ನೋಡಿದೆ" ಎಂದೆ. "ಹಾಗಾದರೆ ಅದನ್ನೇ ಮಾತನಾಡಿ" ಎಂದರು. ಕಾಲು ಮುರಿದದ್ದಕ್ಕೆ ದೊರೆತ ಈ ಗೌರವಕ್ಕಾಗಿ ಸಂಘಕ್ಕೆ ನಾನು ಋಣಿ.

ನಾನು ಚಲನಚಿತ್ರ ವಿಮರ್ಶಕನಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಛಾಯಾಗ್ರಹಣದ ಸೂಕ್ಷ್ಮಗಳಾಗಲೀ ಸಂಕಲನದ ಲಯವಾಗಲೀ ನನಗೆ ತಿಳಿಯದು. ಕಾಲೇಜಿನಲ್ಲಿ ಇತಿಹಾಸ ಓದಿ, ಅನಂತರ ಮೂವತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತಗಳ ನಡುವೆ ಬದುಕಿದವನು ನಾನು. ಆದುದರಿಂದ ನಾನು ಚಿತ್ರ ನೋಡುವ ಕಣ್ಣೂ ಗುಮಾಸ್ತನ ಕಣ್ಣೇ. ಹಾಸ್ಯ, ಜಾನಪದ, ವಿಡಂಬನೆ, ಥ್ರಿಲ್ಲರ್, ಗಂಭೀರ ಜೀವನಕಥೆ ಎಂದು ಐದು ಬಗೆಯ ಚಿತ್ರಗಳನ್ನು ಮಗಳು ನನಗೆ ಒಂದೊಂದಾಗಿ ತೋರಿಸಿದಳು. ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳು. ಆದರೆ ಮೂರನೆಯ ಚಿತ್ರದ ಹೊತ್ತಿಗೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಪ್ರತಿಯೊಂದರಲ್ಲಿಯೂ ಎಲ್ಲಿಯೋ ಒಂದು ಕಡೆ ಸರ್ಕಾರದ ಮೇಜೊಂದಿದೆ; ಅದರ ಈಚೆಗೆ ನನ್ನಂಥವನೊಬ್ಬ ಕುಳಿತಿದ್ದಾನೆ; ಆಚೆಗೆ ಯಾರೋ ನಿಂತಿದ್ದಾರೆ. ಇಂದಿನ ನನ್ನ ಮಾತು ಆ ಮೇಜಿನ ಕುರಿತದ್ದು.

ಮೊದಲು ನೋಡಿದ್ದು 'ತಿಥಿ'. ರಾಮ್ ರೆಡ್ಡಿಯವರ ನಿರ್ದೇಶನದ, ಈರೇಗೌಡರೊಡನೆ ಸೇರಿ ಅವರು ಬರೆದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಆಗ ನಾನು ನೋಡಿರಲಿಲ್ಲ. ಚಿತ್ರ ನಡೆಯುವುದು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ. ನಟರೆಲ್ಲ ಆ ಸೀಮೆಯ ಹಳ್ಳಿಗರೇ. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯ ಪಕ್ಕದಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬಯ್ಯುತ್ತ, ಸ್ವಲ್ಪ ಹೊತ್ತಿನಲ್ಲಿಯೇ ಸತ್ತುಹೋಗುತ್ತಾನೆ. ಅಲ್ಲಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಕಥೆ. ಸತ್ತವನ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ, ಹೀಗೆ ಮೂರು ತಲೆಮಾರುಗಳು ಮೂರು ದಿಕ್ಕಿಗೆ ಎಳೆಯುತ್ತವೆ.

ನಾನು ಮಂಡ್ಯ ಸೀಮೆಯವನು. ಸೆಂಚುರಿ ಗೌಡನ ಬೈಗುಳ ಕಿವಿಗೆ ಬಿದ್ದೊಡನೆ ನಲವತ್ತು ವರ್ಷ ಹಿಂದಕ್ಕೆ ಹೋಗಿ ನಮ್ಮೂರ ಅರಳೀಕಟ್ಟೆಯ ಮುಂದೆ ನಿಂತುಬಿಟ್ಟೆ. ನಮ್ಮ ಮನೆಯಾಕೆ ನಾಚಿ ಒಳಗೆ ಹೋದರು. ಈ ಊರಿನಲ್ಲಿಯೇ ಹುಟ್ಟಿ ಬೆಳೆದ ಮಗಳು ಮಾತ್ರ ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಸಬ್‌ಟೈಟಲ್ ಓದುತ್ತಿದ್ದಳು. ನಾನು ನಕ್ಕ ಮೇಲೆ ಒಂದು ಗಳಿಗೆ ತಡೆದು ಅವಳು ನಗುತ್ತಿದ್ದಳು; ಕೆಲವೆಡೆ ನಗಲೇ ಇಲ್ಲ. ಆ ಬೈಗುಳಗಳಲ್ಲಿ ಕಾಲುಭಾಗವೂ ಸಬ್‌ಟೈಟಲ್‌ಗೆ ಇಳಿದಿರಲಿಲ್ಲ. ನಾವು ಈ ಸಭಾಂಗಣದಲ್ಲಿ ಆಡುವ ಕನ್ನಡ ಇಸ್ತ್ರಿ ಮಾಡಿದ ಕನ್ನಡ. ಮಕ್ಕಳಿಗೆ ನಾವು ಕೊಟ್ಟದ್ದೂ ಅದನ್ನೇ. ಊರಿನ ಸುಕ್ಕುಗಳುಳ್ಳ ಕನ್ನಡ ಅವರಿಗೆ ಪರಭಾಷೆಯಷ್ಟೇ ದೂರ ಎಂಬುದು ಆ ಸಂಜೆ ನನಗೆ ಸ್ಪಷ್ಟವಾಯಿತು.

ಚಿತ್ರದ ಹಾಸ್ಯಕ್ಕೆಲ್ಲ ಮೂಲ ಒಂದು ಕಾಗದ. ಜಮೀನು ಸತ್ತವನ ಹೆಸರಿನಲ್ಲಿದೆ. ಅದು ಮೊದಲು ಗಡ್ಡಪ್ಪನಿಗೆ ಬರಬೇಕು, ಅನಂತರ ತಮ್ಮಣ್ಣನಿಗೆ. ಗಡ್ಡಪ್ಪನಿಗೆ ಜಮೀನು ಬೇಡ, ಖಾತೆ ಬೇಡ, ಸಹಿಯ ಗೋಜೂ ಬೇಡ. ಬ್ರಾಂದಿಯ ಪುಟ್ಟ ಸೀಸೆಯೊಂದನ್ನು ಇಟ್ಟುಕೊಂಡು ಹೊಲದ ಬದುಗಳಲ್ಲಿ ತಿರುಗುವುದೇ ಅವನ ಸಂಸಾರ. ಕೊನೆಗೆ ತಮ್ಮಣ್ಣ ಸಾಲ ಮಾಡಿ, ಲಂಚ ಕೊಟ್ಟು, ಬದುಕಿರುವ ತಂದೆಗೆ ಮರಣಪತ್ರ ಮಾಡಿಸುತ್ತಾನೆ. 'ಸತ್ತ' ತಂದೆ ಊರಿನಲ್ಲಿ ಕಾಣಿಸಬಾರದಲ್ಲ! ಕೈಗೆ ಹಣ ಕೊಟ್ಟು ದೇಶ ನೋಡಿಕೊಂಡು ಬಾ ಎಂದು ಸಾಗಹಾಕುತ್ತಾನೆ. ಗಡ್ಡಪ್ಪ ದೇಶ ನೋಡಲು ಹೋಗದೆ ಕುರಿಗಾರರ ಗುಂಪಿಗೆ ಸೇರಿಕೊಳ್ಳುತ್ತಾನೆ.

ಇಲ್ಲಿ ಅಧಿಕಾರಿಯನ್ನು ನಿರ್ದೇಶಕರು ಖಳನಾಯಕನನ್ನಾಗಿ ಮಾಡಿಲ್ಲ. ಮಳೆ, ಬಿಸಿಲು, ಸಾಲ ಇರುವಂತೆ ಕಚೇರಿಯೂ ಒಂದು ಇದೆ, ಅದಕ್ಕೊಂದು ದರವಿದೆ. ಯಾರಿಗೂ ಅದರ ಮೇಲೆ ಕೋಪವಿಲ್ಲ. ಆ ನಿರ್ಲಿಪ್ತತೆ ನನ್ನನ್ನು ಚುಚ್ಚಿತು. ನಮ್ಮ ಮೇಲೆ ಜನ ಕೋಪಗೊಳ್ಳುವುದನ್ನೂ ಬಿಟ್ಟಿದ್ದಾರೆಂದರೆ, ನಮ್ಮಿಂದ ಅವರು ಏನನ್ನೂ ನಿರೀಕ್ಷಿಸುತ್ತಿಲ್ಲವೆಂದೇ ಅರ್ಥ. ಚನ್ನೇಗೌಡರು ಅಭಿನಯಿಸಿದ ಗಡ್ಡಪ್ಪ ನಮ್ಮ ಯಾವ ನಮೂನೆಯೊಳಗೂ ಕೂರದ ಮನುಷ್ಯ. ಕಾಗದದಲ್ಲಿ ಸತ್ತಿರುವ ಅವನೇ ಇಡೀ ಚಿತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಬದುಕಿರುವವನು.

ಎರಡನೆಯದು ರಿಷಬ್ ಶೆಟ್ಟಿಯವರ 'ಕಾಂತಾರ'. 2022ರ ಸೆಪ್ಟೆಂಬರ್ ಕೊನೆಯಲ್ಲಿ ತೆರೆಕಂಡ ಈ ಚಿತ್ರವನ್ನು ತಾವೆಲ್ಲರೂ ನೋಡಿರುತ್ತೀರಿ. ಕಥೆ ಹೇಳುವ ಅಗತ್ಯವಿಲ್ಲ. ಆಗ ಇಲ್ಲಿಯ ಚಿತ್ರಮಂದಿರದಲ್ಲಿ ಮರಾಠಿ, ಹಿಂದಿ ಮಾತಿನ ಪ್ರೇಕ್ಷಕರ ನಡುವೆ ಕುಳಿತು ನೋಡಿದಾಗ ಎದೆ ಉಬ್ಬಿತ್ತು. ಮರುದಿನ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ಬಂದು, "ಪಂಜುರ್ಲಿ, ಗುಳಿಗ ಎಂದರೆ ಯಾರು? ನಿಮ್ಮ ಮನೆಯಲ್ಲಿಯೂ ಇದೆಯೇ?" ಎಂದು ಕೇಳಿದರು. ನಾನು ಗಂಭೀರವಾಗಿ ಏನೋ ವಿವರಿಸಿದೆ. ನಿಜ ಹೇಳಬೇಕೆಂದರೆ, ತುಳುನಾಡಿನ ಭೂತಾರಾಧನೆಯ ಬಗ್ಗೆ ಮಂಡ್ಯದವನಾದ ನನಗೆ ತಿಳಿದದ್ದು ಆ ಮರಾಠಿ ಮಿತ್ರರಿಗಿಂತ ಹೆಚ್ಚೇನೂ ಇರಲಿಲ್ಲ. ಗಡಿ ದಾಟಿ ಬಂದವರೆಲ್ಲ ಇಡೀ ಕರ್ನಾಟಕದ ವಕ್ತಾರರಾಗಿಬಿಡುತ್ತೇವೆ. ಆದರೆ ನಾವು ಕಂಡಿರುವುದು ಅದರ ಒಂದು ಮೂಲೆಯನ್ನು ಮಾತ್ರ.

ಈ ಬಾರಿ ಮನೆಯಲ್ಲಿ ಕುಳಿತು ಎರಡನೆಯ ಸಲ ನೋಡಿದಾಗ ನನ್ನ ದೃಷ್ಟಿ ಶಿವನಿಂದ ಸರಿದು ಕಿಶೋರ್ ಅಭಿನಯದ ಅರಣ್ಯಾಧಿಕಾರಿ ಮುರಳೀಧರನ ಮೇಲೆ ನಿಂತಿತು. ಅವನು ಲಂಚಕೋರನಲ್ಲ. ಕಾಡು ಉಳಿಯಬೇಕೆಂಬ ಅವನ ಕಾಳಜಿ ಸುಳ್ಳಲ್ಲ. ಅವನ ಕೈಯಲ್ಲಿ ಕಾನೂನಿದೆ, ನಕ್ಷೆಯಿದೆ, ಬೇಲಿಯ ಗೆರೆಯಿದೆ. ಆ ಗೆರೆಯ ಒಳಗೆ ತಲೆಮಾರುಗಳಿಂದ ಬದುಕಿದವರ ಮಾತನ್ನು ಕೇಳಿಸಿಕೊಳ್ಳುವ ಕಿವಿ ಮಾತ್ರ ಇಲ್ಲ. ಅವನಿಗಿಂತ ಕಠಿಣವಾದ ಸ್ಥಾನ ಲೀಲೆಯದು. ಊರಿನ ಹುಡುಗಿ, ಅರಣ್ಯರಕ್ಷಕಿಯ ಕೆಲಸ ದೊರೆತು ಸಮವಸ್ತ್ರ ತೊಟ್ಟಿದ್ದಾಳೆ, ತನ್ನವರ ಮನೆಯಂಗಳದಲ್ಲಿಯೇ ಸರ್ಕಾರದ ಪರವಾಗಿ ನಿಲ್ಲಬೇಕಾಗುತ್ತದೆ. ಸಣ್ಣ ಊರುಗಳಿಂದ ಬಂದು ಸರ್ಕಾರದ ಸಂಬಳ ತಿನ್ನುವ ನಮ್ಮಲ್ಲಿ ಅನೇಕರ ಕಥೆ ಇದೇ. ಆದರೆ ಚಿತ್ರ ಅವಳ ಸಂಕಟದ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪ್ರಣಯದ ಹೆಸರಿನಲ್ಲಿ ಶಿವ ಅವಳೊಡನೆ ನಡೆದುಕೊಳ್ಳುವ ರೀತಿಯೂ ನನ್ನ ಮಗಳಿಗೆ ಹಿಡಿಸಲಿಲ್ಲ. ಅವಳ ಆಕ್ಷೇಪಣೆ ನ್ಯಾಯವಾದದ್ದು.

ಕೊನೆಯಲ್ಲಿ ದೈವವು ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಎಳೆದು ತನ್ನ ಎದೆಯ ಮೇಲೆ ಒಂದುಗೂಡಿಸುವ ದೃಶ್ಯದಲ್ಲಿ ಈ ಬಾರಿಯೂ ನನ್ನ ಕಣ್ಣು ತುಂಬಿತು. ಆದರೆ ಕಣ್ಣೊರೆಸಿಕೊಂಡ ಮೇಲೆ ಗುಮಾಸ್ತನ ಪ್ರಶ್ನೆ ಎದ್ದಿತು: ಆ ಬೇಲಿಯ ಗೆರೆ ಏನಾಯಿತು? ನಿಜವಾದ ದುಷ್ಟ ಊರಿನ ಧಣಿಯೆಂದು ತೋರಿಸಿದೊಡನೆ ಸರ್ಕಾರವು ಉತ್ತರ ಕೊಡುವ ಹೊಣೆಯಿಂದ ಪಾರಾಗಿಬಿಡುತ್ತದೆ. ಚಿತ್ರದ ಮುಖ್ಯ ಕಥೆ ನಡೆಯುವುದು 1990ರಲ್ಲಿ. ಕಾಡಿನಲ್ಲಿ ಬದುಕುವವರ ಹಕ್ಕನ್ನು ಗುರುತಿಸುವ ಕಾಯಿದೆ ನಮ್ಮ ಸಂಸತ್ತಿನಲ್ಲಿ ಆದದ್ದು 2006ರಲ್ಲಿ. ಆ ಹದಿನಾರು ವರ್ಷಗಳ ಅಂತರವನ್ನು ತುಂಬಲು ಎಲ್ಲ ಊರುಗಳಿಗೂ ದೈವ ಇಳಿದುಬರಲಿಲ್ಲ.

ಮೂರನೆಯದು ಹಿಂದಿ ಚಿತ್ರ, 2017ರ 'ನ್ಯೂಟನ್'. ನಿರ್ದೇಶಕರು ಅಮಿತ್ ಮಸೂರ್‌ಕರ್. ತಂದೆತಾಯಿ ಇಟ್ಟ ನೂತನ್ ಎಂಬ ಹೆಸರನ್ನು ತಾನೇ ತಿದ್ದಿ ನ್ಯೂಟನ್ ಎಂದು ಮಾಡಿಕೊಂಡ ತರುಣ ಸರ್ಕಾರಿ ನೌಕರನೊಬ್ಬ, ಛತ್ತೀಸ್‌ಗಢದ ದಂಡಕಾರಣ್ಯದ ಮತಗಟ್ಟೆಯೊಂದಕ್ಕೆ ಚುನಾವಣಾ ಕರ್ತವ್ಯದ ಮೇಲೆ ಹೋಗುತ್ತಾನೆ. ಅಲ್ಲಿ ಒಟ್ಟು 76 ಮತದಾರರು. ನಕ್ಸಲೀಯರ ಭಯವಿರುವ ಪ್ರದೇಶ. ಭದ್ರತಾ ಪಡೆಯ ಅಧಿಕಾರಿಗೆ ಈ ಚುನಾವಣೆ ಬೇಗ ಮುಗಿದರೆ ಸಾಕು. ನ್ಯೂಟನ್‌ಗೆ ನಿಯಮದ ಪ್ರಕಾರವೇ ಮುಗಿಯಬೇಕು. ರಾಜ್‌ಕುಮಾರ್ ರಾವ್ ಮತ್ತು ಪಂಕಜ್ ತ್ರಿಪಾಠಿ ಇವರಿಬ್ಬರ ಹಗ್ಗಜಗ್ಗಾಟದಲ್ಲಿ ನಗು ಉಕ್ಕುತ್ತದೆ. ನಕ್ಕ ಮೇಲೆ ಬಾಯಿ ಕಹಿಯಾಗುತ್ತದೆ.

ಚುನಾವಣಾ ಕರ್ತವ್ಯ ಮಾಡಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಮತಗಟ್ಟೆಯ ಮೇಜು, ಅರಗಿನ ಮುದ್ರೆ, ಕೈಬೆರಳಿನ ಶಾಯಿ, ಊಟದ ಪೊಟ್ಟಣ, ಹಿರಿಯ ಸಹೋದ್ಯೋಗಿಯ ಗೊಣಗಾಟ, ಎಲ್ಲವೂ ನಮಗೆ ಪರಿಚಿತ. ಆ ಊರಿನ ಜನರಾಡುವುದು ಗೊಂಡಿ. ಅದು ನಮ್ಮ ಕನ್ನಡದ ದ್ರಾವಿಡ ಬಳಗಕ್ಕೇ ಸೇರಿದ ಭಾಷೆ, ದೂರದ ದಾಯಾದಿ. ಹಿಂದಿಯ ಅಧಿಕಾರಿಗೂ ಗೊಂಡಿಯ ಮತದಾರರಿಗೂ ನಡುವೆ ಸೇತುವಾಗುವವಳು ಮಲ್ಕೊ ಎಂಬ ಸ್ಥಳೀಯ ಯುವತಿ. ಅಭ್ಯರ್ಥಿಗಳು ಯಾರೆಂದು ತಿಳಿಯದ ಜನರ ಮುಂದೆ ಯಂತ್ರವನ್ನಿಟ್ಟು ಗುಂಡಿ ಒತ್ತಿ ಎಂದಾಗ, ಪ್ರಜಾಪ್ರಭುತ್ವವೂ ಒಂದು ನಮೂನೆಯನ್ನು ಭರ್ತಿ ಮಾಡುವ ಕೆಲಸವಾಗಿಬಿಡುತ್ತದೆ.

ನ್ಯೂಟನ್‌ನನ್ನು ನಿರ್ದೇಶಕರು ವೀರನನ್ನಾಗಿ ಮಾಡಿಲ್ಲವೆಂಬುದು ನನಗೆ ಮೆಚ್ಚುಗೆಯಾಯಿತು. ಅವನ ಪ್ರಾಮಾಣಿಕತೆಯಲ್ಲಿ ಒಂದು ಬಗೆಯ ಅಹಂಕಾರವಿದೆ. ತರಬೇತಿ ಕೊಡುವ ಹಿರಿಯ ಅಧಿಕಾರಿ ಅದನ್ನು ಆರಂಭದಲ್ಲಿಯೇ ಗುರುತಿಸಿ ಎಚ್ಚರಿಸುತ್ತಾನೆ. ನಿಯಮ ಪಾಲನೆಯನ್ನೇ ಪುಣ್ಯವೆಂದು ತಿಳಿದವರಿಗೆ ಈ ಮಾತು ನಾಟಬೇಕು. ನನಗೆ ನಾಟಿತು. ಏಕೆ ನಾಟಿತೆಂಬುದನ್ನು ಹೇಳಲು ಮುಂದಿನ ಚಿತ್ರಕ್ಕೆ ಹೋಗಬೇಕು.

ಅದು ಮಂಸೋರೆಯವರ ನಿರ್ದೇಶನದ 'ಆಕ್ಟ್ 1978'. ಕೋವಿಡ್ ನಿರ್ಬಂಧಗಳು ಸಡಿಲಗೊಂಡು ಚಿತ್ರಮಂದಿರಗಳು ಆಗತಾನೇ ಬಾಗಿಲು ತೆರೆದಿದ್ದ 2020ರ ನವೆಂಬರಿನಲ್ಲಿ ಧೈರ್ಯದಿಂದ ಬಿಡುಗಡೆಯಾದ ಕನ್ನಡ ಚಿತ್ರ. ಯಜ್ಞಾ ಶೆಟ್ಟಿ ಅಭಿನಯಿಸಿದ ಗೀತಾ ತುಂಬು ಗರ್ಭಿಣಿ. ತನಗೆ ನ್ಯಾಯವಾಗಿ ಸಲ್ಲಬೇಕಾದುದಕ್ಕಾಗಿ ಸರ್ಕಾರಿ ಕಚೇರಿಗೆ ಅಲೆದಲೆದು ಸೋತು, ಒಂದು ದಿನ ಮೈಗೆ ಬಾಂಬು ಕಟ್ಟಿಕೊಂಡು ಬಂದು ಇಡೀ ಕಚೇರಿಯನ್ನು ಒತ್ತೆಯಾಗಿಟ್ಟುಕೊಳ್ಳುತ್ತಾಳೆ. ಜೊತೆಗೆ ವೃದ್ಧನೊಬ್ಬ, ಆ ಪಾತ್ರದಲ್ಲಿ ಬಿ. ಸುರೇಶ. ಹೊರಗೆ ಪೊಲೀಸರು, ಪತ್ರಕರ್ತರು, ಜನಜಂಗುಳಿ. ಚಿತ್ರ ಅಲ್ಲಲ್ಲಿ ಭಾಷಣವಾಗುತ್ತದೆಂದು ಆಕ್ಷೇಪಿಸಬಹುದು. ಆದರೆ ನನಗೆ ಅದನ್ನು ಥ್ರಿಲ್ಲರ್ ಎಂದು ನೋಡಲು ಆಗಲೇ ಇಲ್ಲ. ಹೆದರಿ ಮೂಲೆಯಲ್ಲಿ ಕುಳಿತ ನೌಕರರನ್ನು ನೋಡುತ್ತ, ಅವರ ನಡುವೆ ನನ್ನ ಕುರ್ಚಿ ಯಾವುದು ಎಂದು ಹುಡುಕುತ್ತಿದ್ದೆ.

ಬಂಧುಗಳೇ, ಇದುವರೆಗೆ ಎಲ್ಲಿಯೂ ಹೇಳದ ಒಂದು ಸಂಗತಿಯನ್ನು ತಮ್ಮ ಮುಂದೆ ಹೇಳುತ್ತೇನೆ. ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಕಚೇರಿಯ ಹೆಸರು ಬೇಡ. ಒಂದು ಮಧ್ಯಾಹ್ನ ಕೆಳಗಿನ ಮಹಡಿಯಿಂದ ನನಗೆ ಕರೆ ಬಂತು. ವಿಜಾಪುರದ ಕಡೆಯ ಹೆಂಗಸೊಬ್ಬರು ಬಂದಿದ್ದಾರೆ, ಅವರ ಮಾತು ಯಾರಿಗೂ ಅರ್ಥವಾಗುತ್ತಿಲ್ಲ, ನೀವು ಬಂದು ವಿಚಾರಿಸಿ ಎಂದರು. ಹೋಗಿ ನೋಡಿದರೆ ಇಳಕಲ್ ಸೀರೆಯ ವೃದ್ಧೆ, ಪಕ್ಕದಲ್ಲಿ ಹದಿನೆಂಟರ ಮಗ. ನಾನು ಕನ್ನಡದಲ್ಲಿ "ಏನಮ್ಮಾ?" ಎಂದೊಡನೆ ಆಕೆಯ ಮುಖ ಅರಳಿತು. ಮಗನ ಕಡೆ ತಿರುಗಿ, "ತಮ್ಮಾ, ನಮ್ಮ ಮಂದೀನ ಸಿಕ್ರು ನೋಡೋ. ಇನ್ನ ನಮ್ಮ ಕೆಲಸ ಆತು" ಎಂದರು.

ಕೆಲಸ ಕುಟುಂಬ ಪಿಂಚಣಿಯದು. ಗಂಡ ಈ ಊರಿನಲ್ಲಿ ಕೂಲಿಯಾಗಿ ಸೇರಿ ಕಾಯಂ ಆಗಿ, ನಿವೃತ್ತಿಗೆ ಮೊದಲೇ ತೀರಿಕೊಂಡಿದ್ದ. ಹೆಂಡತಿಯ ಹೆಸರನ್ನು ಸೇವಾ ಪುಸ್ತಕದಲ್ಲಿ ಯಾರೋ ಮರಾಠಿ ಗುಮಾಸ್ತರು ತಮ್ಮ ರೂಢಿಯಂತೆ ಕೊನೆಗೆ 'ಬಾಯಿ' ಸೇರಿಸಿ ಬರೆದಿದ್ದರು. ಊರಿನ ಪಡಿತರ ಚೀಟಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಹೆಸರಿನ ಕೊನೆಗೆ 'ಅವ್ವ' ಎಂದಿತ್ತು. ಬಾಯಿಯೂ ಅವ್ವನೂ ಒಬ್ಬರೇ ಎಂಬುದಕ್ಕೆ ಪುರಾವೆ ಇಲ್ಲವೆಂದು ಕಡತ ಎರಡು ಬಾರಿ ವಾಪಸಾಗಿತ್ತು. ಆ ಎರಡೂ ಬಾರಿ ಆಕ್ಷೇಪಣೆಯ ಕೆಳಗೆ ಸಹಿ ಮಾಡಿದವನು ನಾನೇ ಎಂದು ಆಕೆಗೆ ತಿಳಿದಿರಲಿಲ್ಲ.

ನಾನು ಆಕೆಯನ್ನು ಕೂಡಿಸಿ, ನೀರು ತರಿಸಿಕೊಟ್ಟು, ನಿಧಾನವಾಗಿ, ಒಳ್ಳೆಯ ಕನ್ನಡದಲ್ಲಿ ವಿವರಿಸಿದೆ. ಊರಿಗೆ ಹೋಗಿ ಇಂಥ ಅಧಿಕಾರಿಯಿಂದ ಇಂಥ ಪ್ರಮಾಣಪತ್ರ ತರಬೇಕು, ಅದಿಲ್ಲದೆ ಆಗುವುದಿಲ್ಲ ಎಂದೆ. ಅಂದರೆ ಬೇರೆಯವರು ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿದ್ದನ್ನೇ ನಾನು ಕನ್ನಡದಲ್ಲಿ ಹೇಳಿದೆ. ಆಕೆ ಎದ್ದು ಕೈಮುಗಿದು, "ಆತ್ರಿ ಯಪ್ಪಾ. ಅವರು ಹೇಳಿದ್ದು ತಿಳೀತಿರಲಿಲ್ಲ. ನೀವು ತಿಳಿಯುವಂಗ ಹೇಳಿದ್ರಿ" ಎಂದು ಹೊರಟುಹೋದರು.

ಅಂದೇ ಆ ಕೆಲಸ ಮುಗಿಸಬಹುದಾಗಿತ್ತು. ಕಚೇರಿಯ ಎದುರಿನಲ್ಲಿಯೇ ನೋಟರಿ ಕೂರುತ್ತಿದ್ದರು. ಗಂಡನೊಡನೆ ದುಡಿದ, ಆಕೆಯನ್ನು ಬಲ್ಲ ಇಬ್ಬರು ನೌಕರರು ಇನ್ನೂ ಸೇವೆಯಲ್ಲಿದ್ದರು. ಅವರ ಸಾಕ್ಷಿಯೊಡನೆ ಅಫಿಡವಿಟ್ ಮಾಡಿಸಿ, ಒಪ್ಪಬಹುದೆಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುವ ಅಧಿಕಾರ ನನಗಿತ್ತು. ಬರೆದರೆ ನಾಳೆ ಯಾರಾದರೂ, 'ನಿಮ್ಮವರೆಂದು ಮಾಡಿದಿರಾ?' ಎಂದು ಕೇಳಿಯಾರೆಂಬ ಅಳುಕು. ಹೊರನಾಡಿನಲ್ಲಿ ನೌಕರಿ ಮಾಡುವವರಿಗೆ ಈ ಅಳುಕು ಅಪರಿಚಿತವಲ್ಲ. ಪಕ್ಷಪಾತಿಯೆಂಬ ಹೆಸರು ಬರಬಾರದೆಂದು ನಮ್ಮವರ ವಿಷಯದಲ್ಲಿ ಒಂದು ಗುಲಗಂಜಿ ಹೆಚ್ಚೇ ಬಿಗಿಯಾಗಿರುತ್ತೇವೆ. ಅದನ್ನು ನಿಷ್ಪಕ್ಷಪಾತವೆಂದು ಕರೆದುಕೊಳ್ಳುತ್ತೇವೆ.

ಏಳು ತಿಂಗಳ ಮೇಲೆ ಪ್ರಮಾಣಪತ್ರ ಬಂತು. ಪಿಂಚಣಿ ಮಂಜೂರಾಯಿತು, ಬಾಕಿಯೂ ಪಾವತಿಯಾಯಿತು. ಕಡತದ ಪ್ರಕಾರ ಯಾರಿಗೂ ಅನ್ಯಾಯವಾಗಲಿಲ್ಲ. ಆ ಏಳು ತಿಂಗಳು ಆ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂಬುದಕ್ಕೆ ಕಡತದಲ್ಲಿ ಅಂಕಣವಿಲ್ಲ. 'ಆಕ್ಟ್ 1978' ಮುಗಿದ ರಾತ್ರಿ ಇದನ್ನು ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಅಪ್ಪ, ಆಕೆಯ ಮಾತು ನಿನಗೆ ಅರ್ಥವಾಗಿತ್ತಲ್ಲ?" ಅರ್ಥವಾಗಿತ್ತು. ಅರ್ಥವಾಗದವರಿಗಾದರೂ ಒಂದು ನೆಪವಿತ್ತು. ನನಗೆ ಅದೂ ಇರಲಿಲ್ಲ.

ಕೊನೆಯದು ಹಳೆಯ ಚಿತ್ರ. ಜಪಾನಿನ ಅಕಿರಾ ಕುರೊಸಾವಾ 1952ರಲ್ಲಿ ತೆಗೆದ 'ಇಕಿರು'. ಬದುಕುವುದು ಎಂದು ಆ ಪದದ ಅರ್ಥ. ಇದನ್ನೇ ಆಧರಿಸಿ ಕಜುಓ ಇಶಿಗುರೊ ಅವರ ಚಿತ್ರಕಥೆಯೊಡನೆ 2022ರಲ್ಲಿ 'ಲಿವಿಂಗ್' ಎಂಬ ಇಂಗ್ಲಿಷ್ ಚಿತ್ರವೂ ಬಂದಿದೆ; ನಾನು ನೋಡಿದ್ದು ಮೂಲವನ್ನು. ಈ ಸಲ ನಾನೂ ಮಗಳೂ ಇಬ್ಬರೂ ಸಬ್‌ಟೈಟಲ್ ಓದುವವರೇ. ಇಬ್ಬರೂ ಒಂದೇ ಗಳಿಗೆಯಲ್ಲಿ ನಕ್ಕೆವು, ಒಂದೇ ಗಳಿಗೆಯಲ್ಲಿ ಮೌನವಾದೆವು.

ಚಿತ್ರ ತೆರೆದುಕೊಳ್ಳುವುದು ಒಂದು ಎಕ್ಸ್‌ರೇ ಚಿತ್ರದಿಂದ. ಅದು ನಗರಸಭೆಯ ವಿಭಾಗಾಧಿಕಾರಿ ವತಾನಬೆಯ ಹೊಟ್ಟೆ. ಅಲ್ಲಿ ಕ್ಯಾನ್ಸರ್ ಇದೆ. ಸುಮಾರು ಮೂವತ್ತು ವರ್ಷ ಒಂದು ದಿನವೂ ತಪ್ಪದೆ ಕಚೇರಿಗೆ ಬಂದು ಮುದ್ರೆ ಒತ್ತಿದವನು. ಬಡಾವಣೆಯ ಹೆಂಗಸರು ಕೊಳಚೆ ಗುಂಡಿಯೊಂದನ್ನು ಮುಚ್ಚಿಸಿ ಮಕ್ಕಳಿಗೆ ಆಟದ ಜಾಗ ಮಾಡಿಕೊಡಿರೆಂದು ಮನವಿ ತರುತ್ತಾರೆ. ಅವರನ್ನು ಈ ವಿಭಾಗದಿಂದ ಆ ವಿಭಾಗಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಳಿಸುತ್ತಾರೆ. ಇಡೀ ಕಟ್ಟಡವನ್ನೆಲ್ಲ ಸುತ್ತಿ ಅವರು ಹೊರಟ ಮೇಜಿಗೇ ಮರಳಿ ಬರುತ್ತಾರೆ. ಜಪಾನಿನ ಕಚೇರಿಗೂ ನಮ್ಮದಕ್ಕೂ ಸಾವಿರಾರು ಮೈಲಿ ದೂರ. ಆದರೆ ಆ ಮೇಜುಗಳನ್ನು ಒಂದೇ ಬಡಗಿ ಮಾಡಿದಂತಿದೆ.

ಸಾವು ಹತ್ತಿರವಾದುದನ್ನು ಅರಿತ ವತಾನಬೆ ಮೊದಲು ಕುಡಿತ, ಕುಣಿತಗಳಲ್ಲಿ ಬದುಕನ್ನು ಹುಡುಕುತ್ತಾನೆ. ಕಚೇರಿಯ ಕೆಲಸ ಬೇಸರವೆಂದು ಬಿಟ್ಟುಹೋದ ತರುಣಿಯೊಬ್ಬಳು ಆಟಿಕೆಯ ಮೊಲಗಳನ್ನು ಮಾಡುವ ಕಾರ್ಖಾನೆ ಸೇರಿ ಸಂತೋಷವಾಗಿದ್ದಾಳೆ. ಅವಳೊಡನೆ ಮಾತನಾಡುತ್ತ ಅವನಿಗೆ ಹೊಳೆಯುತ್ತದೆ, ತಾನೂ ಏನಾದರೊಂದನ್ನು ಮಾಡಬಹುದು, ಅದೂ ತನ್ನ ಅದೇ ಮೇಜಿನಿಂದ ಎಂದು. ಎದ್ದುಹೋಗಿ ಆ ಹೆಂಗಸರ ಅರ್ಜಿಯನ್ನು ಹೊರತೆಗೆಯುತ್ತಾನೆ. ಮುಂದಿನ ದೃಶ್ಯಗಳಲ್ಲಿ ಅವನು ಸತ್ತಿದ್ದಾನೆ. ಅವನ ಭಾವಚಿತ್ರದ ಮುಂದೆ ಸಹೋದ್ಯೋಗಿಗಳು ಕುಳಿತು ಕುಡಿಯುತ್ತ, ಆಟದ ಮೈದಾನ ಆದದ್ದು ಯಾರಿಂದ ಎಂದು ವಾದಿಸುತ್ತಿದ್ದಾರೆ.

ಇದೂ ಒಂದು ತಿಥಿಯೇ. ನಮ್ಮ ಹಳ್ಳಿಯ ತಿಥಿಯಲ್ಲಿ ಬಾಡೂಟ, ಅವರಲ್ಲಿ ಅಕ್ಕಿಯ ಮದ್ಯ. ಸತ್ತವನ ಹೆಸರಿನಲ್ಲಿ ಸೇರಿದವರು ತಮ್ಮ ತಮ್ಮ ಲೆಕ್ಕಾಚಾರ ಮಾಡುವುದು ಎರಡೂ ಕಡೆ ಒಂದೇ. ಅಮಲೇರಿದ ಗುಮಾಸ್ತರೆಲ್ಲ ಕಣ್ಣೀರಿಟ್ಟು, ನಾಳೆಯಿಂದ ವತಾನಬೆಯಂತೆ ದುಡಿಯುತ್ತೇವೆಂದು ಪ್ರತಿಜ್ಞೆ ಮಾಡುತ್ತಾರೆ. ಮರುದಿನ ಹೊಸ ಅಧಿಕಾರಿಯ ಮುಂದೆ ಇನ್ನೊಂದು ಮನವಿ ಬರುತ್ತದೆ. ಹಿಂದಿನಂತೆಯೇ ಇನ್ನೊಂದು ವಿಭಾಗಕ್ಕೆ ದಾರಿ ತೋರಿಸಲಾಗುತ್ತದೆ. ಒಬ್ಬ ಯುವಕ ಮಾತ್ರ ಸಿಟ್ಟಿನಿಂದ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನನ್ನೇ ನೋಡುತ್ತಾರೆ. ಅವನು ಮೆಲ್ಲಗೆ ಕುಳಿತುಕೊಳ್ಳುತ್ತಾನೆ. ಕಡತಗಳ ರಾಶಿಯ ಹಿಂದೆ ಅವನ ಮುಖ ಮುಳುಗಿಹೋಗುತ್ತದೆ. ಒಬ್ಬ ಒಳ್ಳೆಯವನಿಂದ ಕಚೇರಿ ಬದಲಾಯಿತೆಂಬ ಸಿಹಿ ಸುಳ್ಳನ್ನು ಕುರೊಸಾವಾ ಹೇಳುವುದಿಲ್ಲ. ಆದರೆ ಮೈದಾನದಲ್ಲಿ ಮಕ್ಕಳು ಆಡುತ್ತಿರುವುದನ್ನೂ ಮರೆಮಾಚುವುದಿಲ್ಲ.

ಈ ಐದನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು. 'ತಿಥಿ'ಯಲ್ಲಿ ಸುಳ್ಳು ಮರಣಪತ್ರ ಬೇಕಾಯಿತು. 'ಕಾಂತಾರ'ದಲ್ಲಿ ದೈವವೇ ಇಳಿದು ಬರಬೇಕಾಯಿತು. ನ್ಯೂಟನ್ ತನ್ನ ಮತಗಟ್ಟೆಯ ನಿಯಮವನ್ನು ಉಳಿಸಿಕೊಳ್ಳಲು ಕೊನೆಗೆ ಬಂದೂಕು ಹಿಡಿಯಬೇಕಾಯಿತು. ಗೀತಾ ಬಾಂಬು ಕಟ್ಟಿಕೊಂಡಳು. ವತಾನಬೆಗೆ ಕ್ಯಾನ್ಸರ್ ಬೇಕಾಯಿತು. ಮೇಜಿನ ಆಚೆ ನಿಂತ ಮನುಷ್ಯ ಈಚೆ ಕುಳಿತವನ ಕಣ್ಣಿಗೆ ಬೀಳಬೇಕಾದರೆ ಇಷ್ಟೆಲ್ಲ ಆಗಬೇಕೇ? ಕಥೆಗಾರರಿಗೆ ಇವು ಬೇಕು, ಇಲ್ಲದಿದ್ದರೆ ಕಥೆಯಾಗದು. ಆದರೆ ಆ ವಿಜಾಪುರದ ತಾಯಿಗೆ ಬೇಕಾಗಿದ್ದದ್ದು ಒಂದು ಅಫಿಡವಿಟ್, ಇಬ್ಬರು ಸಾಕ್ಷಿಗಳು ಮತ್ತು ಒಬ್ಬ ಮನುಷ್ಯನ ಅರ್ಧ ದಿನ.

ಈಗ ಸಂಘದ ಕುರಿತು ಒಂದು ಮಾತು ಹೇಳಿ ಮುಗಿಸುತ್ತೇನೆ. ನಾವು ಪ್ರತಿವರ್ಷ ರಾಜ್ಯೋತ್ಸವ ಮಾಡುತ್ತೇವೆ, ನಾಟಕವಾಡುತ್ತೇವೆ, ಊರಿನಿಂದ ಗಣ್ಯರನ್ನು ಕರೆಸುತ್ತೇವೆ. ಎಲ್ಲವೂ ಸಂತೋಷವೇ. ಆದರೆ ಈ ನಗರದ ಅಂಚಿನಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರ ಮಾತನ್ನು ಎಂದಾದರೂ ನಿಂತು ಕೇಳಿದ್ದೀರಾ? ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಅಲ್ಲಿ ದಿನವಿಡೀ ಕೇಳಿಬರುತ್ತದೆ. ಅವರು ಈ ಸಭಾಂಗಣಕ್ಕೆ ಬಂದವರಲ್ಲ. ನಾವು ಕರೆದವರೂ ಅಲ್ಲ. ಅವರ ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲೆ, ಭವಿಷ್ಯನಿಧಿ, ಅಪಘಾತದ ಪರಿಹಾರ, ಎಲ್ಲವೂ ಯಾವುದೋ ಮೇಜಿನ ಮೇಲೆ, ತಮಗೆ ತಿಳಿಯದ ಭಾಷೆಯಲ್ಲಿ ಕುಳಿತಿರುತ್ತವೆ. ಇತ್ತ ಈ ಸಭೆಯಲ್ಲಿ ಅಂಚೆ, ರೈಲ್ವೆ, ಬ್ಯಾಂಕು, ಲೆಕ್ಕಪತ್ರ ಇಲಾಖೆಗಳಲ್ಲಿ ತಲೆ ನರೆತವರು ಐವತ್ತು ಮಂದಿಗೆ ಕಡಿಮೆಯಿಲ್ಲ. ಯಾವ ಅರ್ಜಿಗೆ ಯಾವ ಆಕ್ಷೇಪಣೆ ಬರುತ್ತದೆಂಬುದು ನಮಗೆ ಗೊತ್ತು; ಏಕೆಂದರೆ ಆಕ್ಷೇಪಣೆ ಬರೆದವರು ನಾವೇ.

ಹೊಸ ಸಮಿತಿ, ನಿಧಿ, ಉದ್ಘಾಟನೆ ಯಾವುದೂ ಬೇಡ. ತಿಂಗಳಿಗೊಂದು ಭಾನುವಾರ ಈ ಸಭಾಂಗಣದ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕೋಣ. ಕುರ್ಚಿಗಳನ್ನು ಮಾತ್ರ ಎದುರುಬದುರಾಗಿ ಇಡುವುದು ಬೇಡ. ಬರುವವರೂ ನಾವೂ ಮೇಜಿನ ಒಂದೇ ಬದಿಯಲ್ಲಿ ಕುಳಿತು ಕಾಗದ ಓದೋಣ. ಕಚೇರಿಯ ಕೆಲಸವನ್ನು ಕಚೇರಿಯವರೇ ಮಾಡಲಿ; ಅವರ ಬಾಗಿಲಿಗೆ ಹೋಗುವ ಅ‌ರ್ಜಿ ವಾಪಸಾಗದಂತೆ ನಾವು ನೋಡಿಕೊಳ್ಳೋಣ. ಮೊದಲ ಎರಡು ಮೂರು ತಿಂಗಳು ಯಾರೂ ಬಾರದೆ ಹೋಗಬಹುದು. ನಮ್ಮನ್ನು ನಂಬಲು ಅವರಿಗೆ ಕಾರಣವೇನಿದೆ?

'ಇಕಿರು'ವಿನ ಗುಮಾಸ್ತರ ಪ್ರತಿಜ್ಞೆ ಮರುದಿನ ಬೆಳಗಾಗುವವರೆಗೆ ಮಾತ್ರ ಬಾಳಿತು. ಆದುದರಿಂದ ನಾನು ಇಲ್ಲಿ ಪ್ರತಿಜ್ಞೆ ಮಾಡುವುದಿಲ್ಲ. ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಇಲ್ಲಿಗೆ ಬರುತ್ತೇನೆ. ಕಾಲು ಈಗ ವಾಸಿಯಾಗಿದೆ. ಕೋಣೆಯ ಬೀಗದ ಕೈ ಕಾರ್ಯದರ್ಶಿಗಳ ಬಳಿಯಿದೆ. ಅದನ್ನು ನನಗೆ ಕೊಡಲು ಅರ್ಜಿಯೇನೂ ಬೇಕಾಗಿಲ್ಲವೆಂದು ಭಾವಿಸುತ್ತೇನೆ.